ಎಣ್ಣೆ ಹಚ್ಚುವ ಮುನ್ನ: ಕೀಲುನೋವಿನ ಮೂರು ರೂಪಗಳು

ಶ್ರಾವಣ ಮಾಸದ ಪ್ರವಚನ ಮುಗಿದು ಮಂಗಲವಾದ ಬಳಿಕ ಶ್ರೀಮಠದ ಸಭಾಂಗಣದಲ್ಲಿ ಪ್ರತಿವರ್ಷವೂ ಒಂದು ದೃಶ್ಯ ನಮ್ಮ ಕಣ್ಣಿಗೆ ಬೀಳುತ್ತದೆ. ಕಿರಿಯರು ಥಟ್ಟನೆ ಎದ್ದು ದಾಸೋಹದ ಕಡೆಗೆ ನಡೆದುಬಿಡುತ್ತಾರೆ. ಹಿರಿಯರು ಮಾತ್ರ ಒಂದು ಕೈಯನ್ನು ನೆಲಕ್ಕೂ ಮತ್ತೊಂದನ್ನು ಮೊಣಕಾಲಿಗೂ ಊರಿ, 'ಶಿವ ಶಿವಾ' ಎನ್ನುತ್ತ, ಪಕ್ಕದವರ ಹೆಗಲು ಹಿಡಿದು ಮೆಲ್ಲಗೆ ಏಳುತ್ತಾರೆ. ಎದ್ದವರು ಎರಡು ಕ್ಷಣ ಅಲ್ಲಿಯೇ ನಿಂತು, ಕಾಲು ಸಡಿಲವಾದ ಮೇಲೆಯೇ ಹೆಜ್ಜೆಯಿಡುತ್ತಾರೆ. ಮಳೆಗಾಲದ ತಂಪುಗಾಳಿಯೂ ಕಲ್ಲುಹಾಸಿನ ನೆಲವೂ ಕೂಡಿಕೊಂಡರೆ ಸವೆದ ಕೀಲುಗಳು ಸುಮ್ಮನಿರುವುದಿಲ್ಲ. ವರ್ಷ ಋತುವಿನಲ್ಲಿ ವಾತವು ಪ್ರಕೋಪಗೊಳ್ಳುತ್ತದೆಂದು ಆಯುರ್ವೇದ ಹೇಳಿರುವುದು ಇಂತಹ ಅನುಭವದಿಂದಲೇ.

ಹಾಗೆ ಎದ್ದು ಬಂದವರು ನಮ್ಮನ್ನು ಕೇಳುವ ಪ್ರಶ್ನೆಯೂ ಪ್ರತಿವರ್ಷ ಒಂದೇ: "ಮೊಣಕಾಲಿಗೆ ಯಾವ ಎಣ್ಣೆ ಹಚ್ಚಬೇಕು?" ಈ ಪ್ರಶ್ನೆಗೆ ಉತ್ತರವನ್ನು ಈ ಲೇಖನದಲ್ಲಿ ಕೊಡಲಿದ್ದೇವೆ. ಆದರೆ ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾಗಿದೆ: ಈ ಕೀಲಿಗೆ ಎಣ್ಣೆಯನ್ನು ಹಚ್ಚಬಹುದೇ? ಏಕೆಂದರೆ ಕೀಲುನೋವೆಲ್ಲ ಒಂದೇ ರೋಗವಲ್ಲ. ಒಂದರಲ್ಲಿ ಅಮೃತವಾಗುವ ಎಣ್ಣೆ ಮತ್ತೊಂದರಲ್ಲಿ ಬೆಂಕಿಗೆ ಸುರಿದ ತುಪ್ಪವಾಗುತ್ತದೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತಿದ್ದೆವು. ಅದರ ಅರ್ಥವನ್ನು ಕಲಿತದ್ದು ನಮ್ಮದೇ ತಪ್ಪಿನಿಂದ.

ನಮ್ಮಿಂದಾದ ಒಂದು ತಪ್ಪು

ಮೂರು ದಶಕಗಳಿಗೂ ಹಿಂದಿನ ಮಾತು. ನಾವಾಗ ಬಿ.ಎ.ಎಂ.ಎಸ್. ಪದವಿ ಮುಗಿಸಿ ಗ್ರಾಮವೊಂದರಲ್ಲಿ ವೃತ್ತಿಯನ್ನು ಆರಂಭಿಸಿದ್ದೆವು. ಸುಮಾರು ನಲವತ್ತು ವರ್ಷದ ತಾಯಿಯೊಬ್ಬರು ಬಂದರು. ದಿನವೂ ಹತ್ತಾರು ಜೋಳದ ರೊಟ್ಟಿ ಬಡಿಯುವ ಕೈಗಳು. ಮಣಿಕಟ್ಟು, ಬೆರಳಿನ ಬುಡ ನೋಯುತ್ತವೆ, ಬೆಳಿಗ್ಗೆ ಹಿಟ್ಟು ನಾದಲು ಆಗುವುದಿಲ್ಲ ಎಂದರು. ಕೆಲಸದಿಂದ ಸವೆದ ಕೈ, ಇದು ವಾತವೇ ಸರಿ ಎಂದು ನಾವು ಕ್ಷಣದಲ್ಲಿ ನಿರ್ಧರಿಸಿದೆವು. ಮಹಾನಾರಾಯಣ ತೈಲವನ್ನು ಕೊಟ್ಟು ಎರಡು ಹೊತ್ತು ಚೆನ್ನಾಗಿ ತಿಕ್ಕಿ, ಬಿಸಿನೀರಿನ ಕಾವು ಕೊಡಿರೆಂದು ಹೇಳಿ ಕಳುಹಿಸಿದೆವು.

ಹದಿನೈದು ದಿನಗಳ ಮೇಲೆ ಬಂದಾಗ ಬಾವು ಹೆಚ್ಚಾಗಿತ್ತು. ತೈಲವನ್ನು ಬದಲಿಸಿದೆವು. ಮುಂದಿನ ಬಾರಿ ಬಂದಾಗ ಮೊಣಕಾಲುಗಳೂ ಊದಿದ್ದವು. ಮತ್ತೊಂದು ತೈಲ, ಇನ್ನಷ್ಟು ತಿಕ್ಕುವಿಕೆ. ಹೀಗೆ ಏಳೆಂಟು ತಿಂಗಳು ಕಳೆದವು. ಕೊನೆಗೆ ಆ ತಾಯಿಯನ್ನು ನಮ್ಮ ಗುರುಗಳ ಬಳಿಗೆ ಕರೆದೊಯ್ದೆವು. ಗುರುಗಳು ಕೈಯನ್ನು ಮುಟ್ಟುವ ಮೊದಲು ನಾಲಿಗೆಯನ್ನು ಚಾಚಲು ಹೇಳಿದರು. ಅದರ ಮೇಲೆ ದಪ್ಪನೆಯ ಬಿಳಿಯ ಲೇಪವಿತ್ತು. ಹಸಿವೆ ಹೇಗಿದೆ, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತಿರುತ್ತದೆ, ಸಂಜೆ ಮೈ ಬಿಸಿಯಾಗುತ್ತದೆಯೇ, ಎರಡೂ ಕೈಗಳು ಒಟ್ಟಿಗೇ ನೋಯುತ್ತವೆಯೇ ಎಂದು ವಿಚಾರಿಸಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, "ತಮ್ಮಾ, ಇದು ಆಮವಾತ. ಕೀಲು ನೋಡಿದೆ, ಹೊಟ್ಟೆ ಕೇಳಲಿಲ್ಲ" ಎಂದಷ್ಟೇ ಹೇಳಿದರು.

ಅಂದೇ ಎಣ್ಣೆ ನಿಂತಿತು. ಗುರುಗಳು ಆಮವನ್ನು ಪಚನಗೊಳಿಸುವ ಚಿಕಿತ್ಸೆಯನ್ನು ಆರಂಭಿಸಿ, ಜೊತೆಗೆ ರಕ್ತಪರೀಕ್ಷೆ ಮತ್ತು ಆಧುನಿಕ ವೈದ್ಯರ ಸಲಹೆಗಾಗಿ ನಗರದ ಆಸ್ಪತ್ರೆಗೂ ಕಳುಹಿಸಿದರು. ಕೆಲವು ತಿಂಗಳಲ್ಲಿ ನೋವು ಇಳಿಯಿತು, ಬಾವು ಬತ್ತಿತು. ಆದರೆ ಬೆರಳುಗಳು ಅಷ್ಟರಲ್ಲಿ ಬಾಗಿದ್ದವು. ಅವು ಮರಳಿ ನೇರವಾಗಲಿಲ್ಲ. ಒಮ್ಮೆ ಆ ತಾಯಿ ನಮ್ಮ ಮುಂದೆ ಎಡಗೈ ಚಾಚಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ಡಾಕ್ಟರ್ ಸಾಹೇಬ್ರ, ಅಂಗೈ ನೆಟ್ಟಗ ಆಗವಲ್ದು. ಲಿಂಗಪ್ಪನ್ನ ಹ್ಯಾಂಗ ಹಿಡೀಲಿ?"

ಅವರು ನಮ್ಮನ್ನು ಬೈಯಲಿಲ್ಲ. ಎಡಗೈ ಕೆಳಗೆ ಬಲಗೈಯನ್ನು ಆಸರೆಯಾಗಿರಿಸಿಕೊಂಡು ಇಷ್ಟಲಿಂಗ ಪೂಜೆಯನ್ನು ಮುಂದುವರಿಸಿದರು. ಆದರೆ ಅಂದಿನಿಂದ ಕೀಲುನೋವಿನವರು ಯಾರೇ ಬಂದರೂ ನಾವು ಮೊದಲು ಎಣ್ಣೆಯ ಹೆಸರನ್ನು ಹೇಳುವುದಿಲ್ಲ. ಮೊದಲು ನಾಲಿಗೆಯನ್ನು ನೋಡುತ್ತೇವೆ.

ಮೂರು ರೂಪಗಳು, ಗುರುತಿಸುವ ಬಗೆ

ಜನರು ಎಲ್ಲ ಕೀಲುನೋವನ್ನೂ 'ಸಂಧಿವಾತ' ಅಥವಾ 'ವಾಯು' ಎಂದು ಕರೆಯುವುದು ವಾಡಿಕೆ. ಶಾಸ್ತ್ರಕಾರರು ಹಾಗೆ ಮಾಡಲಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 28ನೆಯ ಅಧ್ಯಾಯವು ವಾತವ್ಯಾಧಿಗಳನ್ನು ಹೇಳುತ್ತದೆ. ಸಂಧಿಗತವಾತ ಬರುವುದು ಅಲ್ಲಿ. ಮುಂದಿನ 29ನೆಯ ಅಧ್ಯಾಯವೇ ಬೇರೆ. ಅದು ವಾತರಕ್ತಕ್ಕೆ ಮೀಸಲು. ಆಮವಾತವನ್ನು ಪ್ರತ್ಯೇಕ ರೋಗವೆಂದು ವಿವರವಾಗಿ ನಿರೂಪಿಸಿದವರು ಮಾಧವಕರರು. ಅವರ ಮಾಧವನಿದಾನದ 25ನೆಯ ಅಧ್ಯಾಯ ಪೂರ್ತಿಯಾಗಿ ಅದಕ್ಕೇ ಸಂದಿದೆ. ಇಂದಿನ ವೈದ್ಯಶಾಸ್ತ್ರವು ಆಸ್ಟಿಯೋ ಆರ್ಥ್ರೈಟಿಸ್, ಗೌಟ್, ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ರೋಗಗಳು ಬಹುಮಟ್ಟಿಗೆ ಕ್ರಮವಾಗಿ ಈ ಮೂರಕ್ಕೆ ಹೊಂದುತ್ತವೆ.

ಸಂಧಿಗತವಾತವು ಸವೆತದ ರೋಗ. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ ಕಾಣಿಸುತ್ತದೆ. ದೇಹದ ಭಾರ ಹೊರುವ ಮೊಣಕಾಲು, ಸೊಂಟದ ಕೀಲುಗಳಲ್ಲಿ ಹೆಚ್ಚು. ನಡೆದಾಗ, ಮೆಟ್ಟಿಲು ಹತ್ತಿ ಇಳಿದಾಗ ನೋವು. ವಿಶ್ರಾಂತಿ ಪಡೆದರೆ ಕಡಿಮೆ. ಮಡಚಿ ಬಿಡಿಸಿದರೆ ಕಟಕಟ ಸದ್ದು. ಬೆಳಿಗ್ಗೆ ಬಿಗಿತವಿದ್ದರೂ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಜ್ವರವಿರುವುದಿಲ್ಲ, ಹಸಿವೆ ಕೆಡುವುದಿಲ್ಲ.

ಆಮವಾತದಲ್ಲಿ ಸಣ್ಣ ಕೀಲುಗಳು ಮೊದಲು ಹಿಡಿಯುತ್ತವೆ: ಬೆರಳಿನ ಬುಡ, ಮಣಿಕಟ್ಟು, ಪಾದ. ಎಡಕ್ಕೂ ಬಲಕ್ಕೂ ಒಟ್ಟಿಗೆ ಬರುತ್ತದೆ. ಬೆಳಗಿನ ಬಿಗಿತ ಒಂದು ಗಂಟೆಗೂ ಹೆಚ್ಚು ಇರುತ್ತದೆ. ಕೀಲು ಮೆತ್ತಗೆ ಊದಿ ಬಿಸಿಯಾಗುತ್ತದೆ. ಹಸಿವೆ ಇಲ್ಲ, ಮೈ ಭಾರ, ಆಯಾಸ, ಆಗಾಗ ಸಣ್ಣ ಜ್ವರ. ವಿಶ್ರಾಂತಿಯಿಂದ ಕಡಿಮೆಯಾಗುವುದಿಲ್ಲ, ಮಲಗಿ ಎದ್ದರೆ ಇನ್ನೂ ಹೆಚ್ಚು. ಇದು ಮೂವತ್ತು ನಲವತ್ತರ ವಯಸ್ಸಿನಲ್ಲಿಯೂ ಬರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಎಣ್ಣೆ ತಿಕ್ಕಿದರೆ ನೋವು ಹೆಚ್ಚಾಯಿತೆಂದು ರೋಗಿ ಹೇಳಿದರೆ ಅದು ನಮಗೆ ದೊಡ್ಡ ಸೂಚನೆ.

ವಾತರಕ್ತವು ಹೆಚ್ಚಾಗಿ ರಾತ್ರಿಯ ವೇಳೆ ಹಠಾತ್ತನೆ ಬರುತ್ತದೆ. ಬಹುಪಾಲು ಮೊದಲು ಹಿಡಿಯುವುದು ಕಾಲಿನ ಹೆಬ್ಬೆರಳ ಬುಡವನ್ನು. ಕೀಲು ಕೆಂಪಾಗಿ, ಹೊದಿಕೆಯ ಅಂಚು ತಗುಲಿದರೂ ಸಹಿಸಲಾಗದಷ್ಟು ಉರಿಯುತ್ತದೆ. ಕೆಲವು ದಿನಗಳಲ್ಲಿ ತಾನಾಗಿಯೇ ಇಳಿದು, ತಿಂಗಳುಗಳ ಮೇಲೆ ಮತ್ತೆ ಮರುಕಳಿಸುತ್ತದೆ.

ಈ ಮೂರರ ಹೊರಗೂ ಕೀಲುನೋವುಂಟು. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನರನ್ನು ಕಾಡಿದ್ದನ್ನು ಹಿರಿಯರು ಮರೆತಿರಲಾರರು; ಜ್ವರ ಬಿಟ್ಟ ಮೇಲೂ ಅನೇಕರಿಗೆ ತಿಂಗಳುಗಟ್ಟಲೆ ಕೀಲುಗಳು ನೊಂದವು. ಆದುದರಿಂದ ಆರು ವಾರಗಳಿಗಿಂತ ಹೆಚ್ಚು ಕಾಲ ಕೀಲು ಊದಿದ್ದರೆ ಊಹೆಯಲ್ಲಿ ಕಾಲ ಕಳೆಯದೆ ಇ.ಎಸ್.ಆರ್., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ., ಯೂರಿಕ್ ಆಮ್ಲ ಇವುಗಳ ರಕ್ತಪರೀಕ್ಷೆಯನ್ನು ವೈದ್ಯರ ಸಲಹೆಯಂತೆ ಮಾಡಿಸಿಕೊಳ್ಳಬೇಕು. ಆಯುರ್ವೇದದಲ್ಲಿ ನಂಬಿಕೆಯಿಟ್ಟವರು ರಕ್ತಪರೀಕ್ಷೆಗೆ ಸಂಕೋಚಪಡಬೇಕಾಗಿಲ್ಲ. ರೋಗವನ್ನು ಸರಿಯಾಗಿ ತಿಳಿದೇ ಚಿಕಿತ್ಸೆಗೆ ತೊಡಗಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ.

ಸವೆದ ಮೊಣಕಾಲಿಗೆ ಮನೆಯ ಆರೈಕೆ

ಸಂಧಿಗತವಾತವೆಂದು ಖಚಿತವಾದ ಮೇಲೆ ಎಣ್ಣೆಯ ಮಾತಿಗೆ ಬರೋಣ. ಸವೆದ ಮೃದ್ವಸ್ಥಿಯನ್ನು ಯಾವ ಎಣ್ಣೆಯೂ ಮತ್ತೆ ಬೆಳೆಸುವುದಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ಬೆಚ್ಚಗಿನ ಎಣ್ಣೆ ಮತ್ತು ಶಾಖ ಸೇರಿ ಸುತ್ತಲಿನ ಸ್ನಾಯುಗಳ ಬಿಗಿತವನ್ನು ಸಡಿಲಿಸಿ ನೋವನ್ನು ಇಳಿಸಬಲ್ಲವು. ಅಷ್ಟಾದರೂ ಸಾಕು, ಕಾಲು ನಡೆಯತೊಡಗುತ್ತದೆ. ನಡೆದ ಕಾಲು ಉಳಿಯುತ್ತದೆ.

ದುಬಾರಿ ಎಣ್ಣೆಯೇ ಬೇಕೆಂದಿಲ್ಲ. ಬೇಲಿಯ ಬದಿಯಲ್ಲಿ ಬೆಳೆಯುವ ಲಕ್ಕಿ ಗಿಡದ ಎಲೆಯ ರಸ ನಾಲ್ಕು ಪಾಲು, ಎಳ್ಳೆಣ್ಣೆ ಒಂದು ಪಾಲು ಸೇರಿಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ನೀರಿನ ಅಂಶವೆಲ್ಲ ಆರುವವರೆಗೆ ಕಾಯಿಸಬೇಕು. ಬತ್ತಿಯನ್ನು ಅದರಲ್ಲಿ ಅದ್ದಿ ಹೊತ್ತಿಸಿದಾಗ ಚಟಪಟ ಸದ್ದಿಲ್ಲದೆ ಉರಿದರೆ ಎಣ್ಣೆ ಪಕ್ವವಾಯಿತೆಂದು ತಿಳಿಯಬೇಕು. ಇದನ್ನು ಸೋಸಿ ಗಾಜಿನ ಸೀಸೆಯಲ್ಲಿಟ್ಟುಕೊಂಡು, ಬೇಕಾದಷ್ಟನ್ನು ಉಗುರುಬೆಚ್ಚಗೆ ಮಾಡಿ, ಮೊಣಕಾಲಿನ ಸುತ್ತಲೂ ಹತ್ತು ಹದಿನೈದು ನಿಮಿಷ ಮೃದುವಾಗಿ ಸವರಬೇಕು. ಮೂಳೆಯ ಮೇಲೆ ಒತ್ತಿ ತಿಕ್ಕುವುದು, ಕೀಲನ್ನು ಜಗ್ಗಿ ಮುರಿದಂತೆ ಮಾಡುವುದು ಬೇಡ.

ಸವರಿದ ಮೇಲೆ ಶಾಖ. ಲಕ್ಕಿ, ಔಡಲ, ಹುಣಸೆ ಎಲೆಗಳನ್ನು ಹೆಚ್ಚಿ, ತುಸು ಎಣ್ಣೆಯಲ್ಲಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಹತ್ತು ನಿಮಿಷ ಕಾವು ಕೊಡಬಹುದು. ಎಕ್ಕೆಯ ಎಲೆಯನ್ನು ಸೇರಿಸುವವರು ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು. ಗಂಟಿನ ಬಿಸಿಯನ್ನು ಮನೆಯವರು ತಮ್ಮ ಮುಂಗೈ ಮೇಲಿಟ್ಟು ನೋಡಿಯೇ ಹಿರಿಯರ ಕಾಲಿಗೆ ಇಡಬೇಕು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ತಿಳಿಯುವುದಿಲ್ಲ. ಸುಟ್ಟು ಬೊಬ್ಬೆ ಎದ್ದ ಮೇಲೆಯೇ ಕಾಣುತ್ತದೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಎಣ್ಣೆ ನಿಲ್ಲಿಸುವ ಜಾನುಬಸ್ತಿಯನ್ನು ಮಾತ್ರ ವೈದ್ಯರ ಬಳಿಯೇ ಮಾಡಿಸಿಕೊಳ್ಳಿರಿ.

ಆಹಾರದಲ್ಲಿ ಅರಿಶಿನ, ಶುಂಠಿ, ಬೆಳ್ಳುಳ್ಳಿ, ಮೆಂತ್ಯ, ನುಗ್ಗೆಸೊಪ್ಪು ಇವು ನಮ್ಮ ಅಡುಗೆಮನೆಯಲ್ಲಿಯೇ ಇವೆ. ಮೂರು ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ, ಒಂದು ಲೋಟ ಹಾಲು ಮತ್ತು ಒಂದು ಲೋಟ ನೀರಿನಲ್ಲಿ ಹಾಲಿನಷ್ಟೇ ಉಳಿಯುವವರೆಗೆ ಕುದಿಸಿ ಸೋಸಿ ಕುಡಿಯುವುದು ಹಳೆಯ ಕ್ರಮ. ರಾತ್ರಿ ನೆನೆಸಿದ ಒಂದು ಚಮಚ ಮೆಂತ್ಯವನ್ನು ಬೆಳಿಗ್ಗೆ ಸೇವಿಸಬಹುದು. ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆಯ ಅಂಶ ಮತ್ತಷ್ಟು ಇಳಿಯಬಹುದಾದ್ದರಿಂದ ತಮ್ಮ ವೈದ್ಯರಿಗೆ ತಿಳಿಸಬೇಕು. ಅಡುಗೆಗೆ ಹಾಕುವ ಅರಿಶಿನ ಹಿತಕರ. ಆದರೆ ಅರಿಶಿನದ ಸಾರವನ್ನು ತುಂಬಿದ ಮಾತ್ರೆಗಳನ್ನು ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ ಯಕೃತ್ತಿನ ತೊಂದರೆಯುಳ್ಳವರೂ ತಾವಾಗಿಯೇ ತೆಗೆದುಕೊಳ್ಳಬಾರದು.

ಇವೆಲ್ಲಕ್ಕಿಂತ ಬಲವಾದ ಔಷಧಗಳೆರಡುಂಟು. ಅವಕ್ಕೆ ಹಣ ಬೇಡ, ಛಲ ಬೇಕು. ಮೊದಲನೆಯದು ತೂಕವನ್ನು ಇಳಿಸುವುದು. ಮೊಣಕಾಲು ನೋಯುವ ಸ್ಥೂಲದೇಹಿಗಳು ಒಂದು ಕಿಲೋ ತೂಕವನ್ನು ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆಂದು ಸಂಶೋಧನೆಯಿಂದ ತಿಳಿದಿದೆ. ಐದು ಕಿಲೋ ಇಳಿಸಿದವರು ಪ್ರತಿ ಹೆಜ್ಜೆಗೂ ಇಪ್ಪತ್ತು ಕಿಲೋದ ಒಂದು ಚೀಲವನ್ನು ಕೆಳಗಿಟ್ಟಂತೆ. ರಾತ್ರಿಯೂಟವನ್ನು ಬೇಗ ಮತ್ತು ಹಗುರವಾಗಿ ಮುಗಿಸುವುದು, ದಾಸೋಹದ ಸಿಹಿಯನ್ನು ಪ್ರಸಾದದಷ್ಟೇ ಪ್ರಮಾಣದಲ್ಲಿ ಸ್ವೀಕರಿಸುವುದು, ಚಹಾದ ಸಕ್ಕರೆಯನ್ನು ಬಿಡುವುದು ಇವಿಷ್ಟರಿಂದಲೇ ಆರಂಭವಾಗಲಿ.

ಎರಡನೆಯದು ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಮುಂದಕ್ಕೆ ಚಾಚಿ, 'ಓಂ ನಮಃ ಶಿವಾಯ' ಎಂದು ಎರಡು ಬಾರಿ ನಿಧಾನವಾಗಿ ಹೇಳುವಷ್ಟು ಹೊತ್ತು ಹಿಡಿದು, ಮೆಲ್ಲಗೆ ಇಳಿಸಿರಿ. ಪ್ರತಿ ಕಾಲಿಗೆ ಹತ್ತು ಬಾರಿ, ದಿನಕ್ಕೆರಡು ಹೊತ್ತು. ಉಸಿರನ್ನು ಬಿಗಿಹಿಡಿಯಬಾರದು. ಮೊದಲ ವಾರ ತುಸು ನೋಯಬಹುದು. ಎಂಟು ಹತ್ತು ವಾರಗಳಲ್ಲಿ ಗುಣ ತಿಳಿಯುತ್ತದೆ. ಸಮತಟ್ಟಾದ ನೆಲದ ಮೇಲೆ ಇಪ್ಪತ್ತು ನಿಮಿಷದ ನಡಿಗೆಯೂ ಬೇಕು. ನೋವಿದೆಯೆಂದು ಕಾಯಕವನ್ನು ಪೂರ್ತಿಯಾಗಿ ಬಿಟ್ಟು ಹಾಸಿಗೆ ಹಿಡಿದವರ ಕೀಲು ಇನ್ನೂ ಬೇಗ ಬಿಗಿಯುತ್ತದೆ. ಊರುಗೋಲು ಹಿಡಿಯುವವರು ಅದನ್ನು ನೋಯುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ.

ಇಲ್ಲಿ ಭಕ್ತರು ಸಂಕೋಚದಿಂದ ಕೇಳುವ ಪ್ರಶ್ನೆಯೊಂದಿದೆ: ನೆಲದ ಮೇಲೆ ಕೂರಲಾಗದಿದ್ದರೆ ಲಿಂಗಪೂಜೆ ಹೇಗೆ? ನೋವನ್ನು ನುಂಗಿಕೊಂಡು ಪದ್ಮಾಸನದಲ್ಲಿ ಕುಳಿತು, ಮನಸ್ಸೆಲ್ಲ ಮೊಣಕಾಲಿನಲ್ಲಿಯೇ ಇರುವ ಹಿರಿಯರನ್ನು ನಾವು ಬಲ್ಲೆವು. ಇಷ್ಟಲಿಂಗವು ಅಂಗೈಯಲ್ಲಿದೆ, ನೆಲದ ಮೇಲಿಲ್ಲ. ಬೆನ್ನಿಗೆ ಆಸರೆಯಿರುವ ಕುರ್ಚಿಯ ಮೇಲೆ ಶುಭ್ರವಾದ ವಸ್ತ್ರ ಹಾಸಿ, ಪಾದಗಳನ್ನು ನೆಲಕ್ಕೆ ಊರಿ, ಮೊಣಕೈಗೆ ದಿಂಬಿನ ಆಸರೆ ಕೊಟ್ಟುಕೊಂಡು ಕುಳಿತರೆ ದೃಷ್ಟಿ ನಿಲ್ಲುತ್ತದೆ, ಮನಸ್ಸೂ ನಿಲ್ಲುತ್ತದೆ. ವೈದ್ಯರಾಗಿ ನಾವು ಹೇಳಬಲ್ಲದ್ದು ಇಷ್ಟು. ಸಂದೇಹವಿರುವವರು ಪೂಜ್ಯರಲ್ಲಿ ಕೇಳಿಕೊಳ್ಳಲಿ.

ಇಷ್ಟೆಲ್ಲ ಮಾಡಿಯೂ ನೋವಿನಿಂದ ನಿದ್ರೆ ಕೆಡುತ್ತಿದ್ದರೆ, ಮನೆಯೊಳಗೂ ನಡೆಯಲಾಗದಿದ್ದರೆ, ಮೂಳೆತಜ್ಞರು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಅದಕ್ಕೆ ಒಪ್ಪುವುದು ಆಯುರ್ವೇದಕ್ಕೆ ಮಾಡಿದ ದ್ರೋಹವಲ್ಲ. ಶಸ್ತ್ರಚಿಕಿತ್ಸೆಯ ವಿಷಯವನ್ನು ಸುಶ್ರುತರು ತಮ್ಮ ಸಂಹಿತೆಯಲ್ಲಿ ವಿಸ್ತಾರವಾಗಿ ಬರೆದಿರುವುದನ್ನು ನೆನೆಯಬೇಕು.

ಆಮವಾತ: ಮೊದಲು ಜಠರಾಗ್ನಿ, ಆಮೇಲೆ ಕೀಲು

ಪಚನವಾಗದ ಆಹಾರರಸವೇ ಆಮ. ಅದು ವಾತದೊಡನೆ ಕೂಡಿ ಕೀಲುಗಳಲ್ಲಿ ನೆಲೆಸಿದಾಗ ಆಮವಾತವಾಗುತ್ತದೆ. ಜಿಡ್ಡಾದ ಆಮಕ್ಕೆ ಜಿಡ್ಡಾದ ಎಣ್ಣೆಯನ್ನೇ ಹಚ್ಚಿದರೆ ಕೀಲು ಇನ್ನಷ್ಟು ಊದುವುದು ಈ ಕಾರಣದಿಂದ. ಆದುದರಿಂದ ಇಲ್ಲಿ ಆರಂಭದಲ್ಲಿ ಎಣ್ಣೆಯಿಲ್ಲ, ಒಣಶಾಖ ಮಾತ್ರ. ಶುದ್ಧವಾದ ಮರಳನ್ನು ಕಬ್ಬಿಣದ ಬಾಣಲೆಯಲ್ಲಿ ಬಿಸಿಮಾಡಿ, ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ, ಒಂದು ಆರುವಷ್ಟರಲ್ಲಿ ಇನ್ನೊಂದರಿಂದ ಕಾವು ಕೊಡುವುದು ಶಾಸ್ತ್ರೋಕ್ತ ವಾಲುಕಾಸ್ವೇದ. ಕೀಲು ಕೆಂಪಗೆ ಉರಿಯುತ್ತಿರುವ ದಿನಗಳಲ್ಲಿ ಅದನ್ನೂ ನಿಲ್ಲಿಸಬೇಕು.

ಹಸಿವೆಯಾದಾಗ ಮಾತ್ರ ಊಟ, ಅದೂ ಬಿಸಿಯಾಗಿ, ಹಗುರವಾಗಿ. ಅರ್ಧ ಚಮಚ ಒಣಶುಂಠಿ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಅರ್ಧಕ್ಕೆ ಇಳಿಸಿ, ಊಟಕ್ಕೆ ಮೊದಲು ಕುಡಿಯುವುದರಿಂದ ಅಗ್ನಿ ಚುರುಕಾಗುತ್ತದೆ. ಮೊಸರು, ಉದ್ದಿನ ಪದಾರ್ಥ, ಕರಿದ ತಿಂಡಿ, ತಣ್ಣನೆಯ ಪಾನೀಯ, ಹಗಲುನಿದ್ರೆ ಇವುಗಳನ್ನು ಬಿಡಬೇಕು. ಔಡಲ ಎಣ್ಣೆಯನ್ನು ಶುಂಠಿ ಕಷಾಯದಲ್ಲಿ ಸೇವಿಸುವ ಕ್ರಮವನ್ನು ಪೂರ್ವಾಚಾರ್ಯರು ಬಹುವಾಗಿ ಮೆಚ್ಚಿದ್ದಾರೆ. ಹೊರಗೆ ಹಚ್ಚಬಾರದ ರೋಗದಲ್ಲಿ ಒಳಗೆ ಸೇವಿಸುವ ಎಣ್ಣೆ ಇದು. ಆದರೆ ಗರ್ಭಿಣಿಯರು, ಕರುಳಿನ ತೊಂದರೆಯುಳ್ಳವರು ಇದನ್ನು ಸೇವಿಸಬಾರದು; ಉಳಿದವರೂ ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಳ್ಳಬೇಕು. ರಾಸ್ನಾಸಪ್ತಕ ಕಷಾಯ, ಸಿಂಹನಾದ ಗುಗ್ಗುಲು ಮೊದಲಾದವು ವೈದ್ಯರು ರೋಗಿಯ ಬಲವನ್ನು ನೋಡಿ ಕೊಡಬೇಕಾದ ಔಷಧಗಳು. ಅಂಗಡಿಯಿಂದ ತಾವೇ ತರುವಂಥವಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಆಮವಾತದಲ್ಲಿ ಮೊದಲ ಕೆಲವು ತಿಂಗಳು ಬಹಳ ಅಮೂಲ್ಯವಾದವು. ಕೀಲು ವಿಕಾರಗೊಳ್ಳುವ ಮೊದಲೇ ರೋಗವನ್ನು ತಡೆಯುವ ಔಷಧಗಳು ಇಂದಿನ ವೈದ್ಯಪದ್ಧತಿಯಲ್ಲಿವೆ. ಕೀಲುವಾತದ ತಜ್ಞರು ಕೊಟ್ಟ ಮಾತ್ರೆಗಳನ್ನು 'ಈಗ ಆಯುರ್ವೇದ ಶುರುಮಾಡಿದ್ದೇನೆ' ಎಂದು ತಾವಾಗಿಯೇ ನಿಲ್ಲಿಸಬಾರದು. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧಗಳನ್ನು ತೋರಿಸಿರಿ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಈ ರೋಗಕ್ಕೆ ಕೊಡುವುದು ವಾರಕ್ಕೆ ಒಂದು ದಿನ ಮಾತ್ರ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಓದಲು ಬಾರದ ಹಿರಿಯರಿರುವ ಮನೆಯಲ್ಲಿ ಮಕ್ಕಳೋ ಸೊಸೆಯಂದಿರೋ ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿ.

ವಾತರಕ್ತ: ಶಾಕಾಹಾರಿಗಳಿಗೂ ಬರುತ್ತದೆ

ಮದ್ಯಮಾಂಸಗಳನ್ನು ಮುಟ್ಟದ ನಮಗೆ ವಾತರಕ್ತ ಬರುವುದಿಲ್ಲವೆಂದು ಅನೇಕ ಭಕ್ತರು ಭಾವಿಸಿದ್ದಾರೆ. ಅವುಗಳಿಂದ ಈ ರೋಗ ಹೆಚ್ಚುವುದು ನಿಜ. ಆದರೆ ಮೂತ್ರಪಿಂಡದ ದೌರ್ಬಲ್ಯ, ಸ್ಥೂಲಕಾಯ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರಲ ಮಾತ್ರೆಗಳು, ಸಿಹಿಯಾದ ಬಾಟಲಿ ಪಾನೀಯಗಳು, ನೀರನ್ನೂ ಕುಡಿಯದೆ ಮಾಡುವ ಕಠಿಣ ಉಪವಾಸ ಇವೂ ಕಾರಣಗಳೇ. ಯೂರಿಕ್ ಆಮ್ಲ ಹೆಚ್ಚಿದೆಯೆಂದು ಬೇಳೆಕಾಳು, ಪಾಲಕ್ ಸೊಪ್ಪುಗಳನ್ನೆಲ್ಲ ಬಿಟ್ಟು ಕೃಶರಾದವರನ್ನು ನಾವು ನೋಡಿದ್ದೇವೆ. ಸಸ್ಯಾಹಾರದಲ್ಲಿರುವ ಪ್ಯೂರಿನ್ ಅಂಶದಿಂದ ಈ ರೋಗದ ಅಪಾಯ ಹೆಚ್ಚುವುದಿಲ್ಲವೆಂದು ಇಂದಿನ ಅಧ್ಯಯನಗಳು ತೋರಿಸಿವೆ. ಸಾಕಷ್ಟು ನೀರು ಕುಡಿಯುವುದು ಮುಖ್ಯ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಹೇಳಿಸಿಕೊಂಡವರು ಅದನ್ನು ಮೀರಬಾರದು.

ನೋವು ಉರಿಯುವಾಗ ಬಿಸಿ ಶಾಖವೂ ಬೇಡ, ತಿಕ್ಕುವುದೂ ಬೇಡ. ಕಾಲನ್ನು ದಿಂಬಿನ ಮೇಲೆತ್ತಿಟ್ಟು, ತಣ್ಣನೆಯ ಒದ್ದೆಬಟ್ಟೆ ಹಾಕಿ ವಿಶ್ರಾಂತಿ ಪಡೆಯಬೇಕು. ಅಮೃತಬಳ್ಳಿ ಈ ರೋಗದ ಪ್ರಧಾನ ಮೂಲಿಕೆ. ಆದರೆ ಯಕೃತ್ತಿನ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಅದರ ಕಷಾಯ ಕುಡಿಯಬಾರದು.

ಹೆಸರಿಲ್ಲದ ಪೊಟ್ಟಣಗಳು

ಸಂತೆಯಲ್ಲಿ, ಜಾತ್ರೆಯಲ್ಲಿ, ಈಗ ಮೊಬೈಲಿನಲ್ಲಿಯೂ 'ಎರಡೇ ದಿನದಲ್ಲಿ ಕೀಲುನೋವು ಮಾಯ' ಎಂದು ಮಾರುವ ಪುಡಿಗಳ ವಿಷಯದಲ್ಲಿ ಎಚ್ಚರವಿರಲಿ. ಗಿಡಮೂಲಿಕೆಗಳು ಎರಡು ದಿನದಲ್ಲಿ ಹತ್ತು ವರ್ಷದ ನೋವನ್ನು ಅಳಿಸುವುದಿಲ್ಲ. ಹಾಗೆ ಅಳಿಸಿದರೆ ಅದರಲ್ಲಿ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆಯ ಪುಡಿ ಬೆರೆತಿರಬಹುದೆಂದು ಸಂಶಯಿಸಬೇಕು. ಅಂಥ ಪುಡಿಯನ್ನು ತಿಂಗಳುಗಟ್ಟಲೆ ತಿಂದು, ಮುಖ ಗುಂಡಗೆ ಊದಿ, ಸಕ್ಕರೆ ಏರಿ, ಚರ್ಮ ತೆಳುವಾಗಿ ನಮ್ಮಲ್ಲಿಗೆ ಬಂದವರು ಹಲವರು. "ಹಳ್ಳಿ ಔಷಧ, ಏನೂ ಅಪಾಯವಿಲ್ಲ ಅಂದ್ರು" ಎಂಬುದೇ ಎಲ್ಲರ ಮಾತು.

ಕೀಲುವಾತವನ್ನು ಗುಣಪಡಿಸುತ್ತೇವೆಂದು ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯ ಅಡಿಯಲ್ಲಿ ನಿಷೇಧಿಸಲಾಗಿದೆ. ಆಯುರ್ವೇದ ಔಷಧವನ್ನು ಕೊಳ್ಳುವಾಗ ಚೀಟಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕ, ಘಟಕದ್ರವ್ಯಗಳ ಪಟ್ಟಿ ಇವೆಯೇ ಎಂದು ನೋಡಿರಿ. ಇಂಥ ಹೆಸರಿಲ್ಲದ ಪುಡಿಯನ್ನು ಈಗಾಗಲೇ ಬಹುಕಾಲದಿಂದ ಸೇವಿಸುತ್ತಿರುವವರು ಹೆದರಿ ಇಂದೇ ಒಮ್ಮೆಲೇ ನಿಲ್ಲಿಸಬಾರದು. ಸ್ಟೀರಾಯ್ಡನ್ನು ಹಠಾತ್ತನೆ ಬಿಟ್ಟರೂ ಅಪಾಯವುಂಟು. ಉಳಿದ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. ಔಷಧದಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದಲೂ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಆಗಬಹುದು.

ಕಾಯಬಾರದ ಲಕ್ಷಣಗಳು

ಒಂದೇ ಕೀಲು ಹಠಾತ್ತನೆ ಊದಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಕಾಲು ಮರಗಟ್ಟಿ ಬಲ ಕುಂದಿದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿರಿ. ಮಕ್ಕಳ ಕೀಲು ಊದಿದರೆ ಅದನ್ನು 'ಬೆಳೆಯುವ ನೋವು' ಎಂದು ತಳ್ಳಿಹಾಕಬೇಡಿರಿ.

ಶರಣ ಬಂಧುಗಳೇ, ಈ ಲೇಖನದಲ್ಲಿ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳಲಾಗದಿದ್ದರೆ ಮೂರು ಪ್ರಶ್ನೆಗಳನ್ನಾದರೂ ನೆನಪಿಡಿರಿ. ಬೆಳಗಿನ ಬಿಗಿತ ಎಷ್ಟು ಹೊತ್ತು? ನೋಯುವುದು ಒಂದೆರಡು ಕೀಲುಗಳೋ, ಎರಡೂ ಕೈಗಳ ಅನೇಕ ಸಣ್ಣ ಕೀಲುಗಳೋ? ಹಸಿವೆ ಹೇಗಿದೆ, ಜ್ವರವಿದೆಯೇ? ಮನೆಯ ಹಿರಿಯರನ್ನು, ಮುಖ್ಯವಾಗಿ ನೋವನ್ನು ಹೇಳಿಕೊಳ್ಳದೆ ರೊಟ್ಟಿ ಬಡಿಯುತ್ತಲೇ ಇರುವ ತಾಯಂದಿರನ್ನು, ಇಂದು ಸಂಜೆಯೇ ಹತ್ತಿರ ಕುಳ್ಳಿರಿಸಿಕೊಂಡು ಈ ಮೂರನ್ನು ಕೇಳಿರಿ. ಉತ್ತರ ಸಂಶಯಕ್ಕೆ ಎಡೆಗೊಟ್ಟರೆ ಎಣ್ಣೆಯ ಸೀಸೆಯನ್ನು ಪಕ್ಕಕ್ಕಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಿರಿ. ನಾವು ಕಳೆದ ಆ ಏಳೆಂಟು ತಿಂಗಳನ್ನು ಮತ್ತೊಬ್ಬರು ಕಳೆಯದಿರಲಿ. ಲಿಂಗವನ್ನು ಹಿಡಿಯುವ ಅಂಗೈ ಕೊನೆಯವರೆಗೂ ನೇರವಾಗಿ ತೆರೆದಿರಲಿ ಎಂಬುದೇ ನಮ್ಮ ಪ್ರಾರ್ಥನೆ.